ಒಳ್ಳೆಯ ಮಲ ಎಲ್ಲಿ ಸಿಗುತ್ತದೆ?

(ನಮ್ಮೂರ ಗ್ರಂಥಾಲಯದಲ್ಲಿ ಒಂದು ಭಾನುವಾರ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕರಪತ್ರದಲ್ಲಿ ‘ಕರುಳಿನ ಸೋಂಕಿಗೆ ಹೊಸ ಚಿಕಿತ್ಸೆ’ ಅಂತಷ್ಟೇ ಅಚ್ಚಾಗಿದೆ. ಕೆಳಗೆ ‘ಉಪನ್ಯಾಸದ ನಂತರ ಲಘು ಉಪಾಹಾರ’ ಅಂತಲೂ ಇದೆ. ಎರಡನ್ನೂ ಒಂದೇ ಹಾಳೆಯಲ್ಲಿ ಹಾಕಿದವರ ಧೈರ್ಯ ದೊಡ್ಡದು. ಯಾಕೆಂದರೆ ಇನ್ನೊಂದು ಗಂಟೆ ನಾನು ಮಾತಾಡುವುದು ಮಲದ ಬಗ್ಗೆ. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಿ, ಸ್ವಲ್ಪ ಹೊತ್ತಿಗೆ ರೂಢಿಯಾಗುತ್ತದೆ. ನಾನು ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಸ್ಟೂಲ್ ಡಬ್ಬಿಗಳ ನಡುವೆಯೇ ಸರ್ವೀಸು ಮುಗಿಸಿದವನು. ನನಗೆ ಈ ವಿಷಯದಲ್ಲಿ ನಾಚಿಕೆ ಉಳಿದಿಲ್ಲ.

ಚಿಕಿತ್ಸೆ ಏನು ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಆರೋಗ್ಯವಾಗಿರುವ ಒಬ್ಬರ ಮಲವನ್ನು ಸಲೈನ್‌ನಲ್ಲಿ ಕದಡಿ, ಸೋಸಿ, ರೋಗಿಯ ಕರುಳಿಗೆ ಬಿಡುವುದು. ಮಲಕಸಿ ಅನ್ನುತ್ತಾರೆ. ಆಸ್ಪತ್ರೆಗಳಲ್ಲಿ ಎಫ್‌ಎಂಟಿ (ಫೀಕಲ್ ಮೈಕ್ರೋಬಯೋಟಾ ಟ್ರಾನ್ಸ್‌ಪ್ಲಾಂಟ್) ಅಂದರೆ ಅರ್ಥವಾಗುತ್ತದೆ. ಪದೇ ಪದೇ ಮರುಕಳಿಸುವ ಒಂದು ಕರುಳಿನ ಸೋಂಕಿಗೆ ಇದರಷ್ಟು ಚೆನ್ನಾಗಿ ಕೆಲಸ ಮಾಡುವ ಮದ್ದು ಹೆಚ್ಚಿಲ್ಲ. ಕೆಲಸ ಮಾಡುತ್ತದೆಯೋ ಇಲ್ಲವೋ ಅನ್ನುವ ಜಗಳ 2013ಕ್ಕೇ ಹೆಚ್ಚುಕಡಿಮೆ ಮುಗಿಯಿತು. ಈಗಿನ ತಲೆನೋವೇ ಬೇರೆ. ‘ಆರೋಗ್ಯವಾಗಿರುವ ಒಬ್ಬರ ಮಲ’ ಅಂದೆನಲ್ಲ, ಅದು ಸಿಗುವುದೇ ಕಷ್ಟ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಮುಖ್ಯವಾಗಿ ಅದನ್ನೇ. ಆದರೆ ಅಲ್ಲಿಗೆ ಹೋಗುವ ಮೊದಲು ಸೋಂಕಿನ ಪರಿಚಯ ಆಗಬೇಕು.

ಆ ಬ್ಯಾಕ್ಟೀರಿಯಾದ ಹೆಸರು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್. ನಾವು ಲ್ಯಾಬಿನವರು ಸಿ. ಡಿಫ್ ಅನ್ನುತ್ತೇವೆ. 1935ರಲ್ಲಿ ಹಾಲ್ ಮತ್ತು ಓಟೂಲ್ ಅನ್ನುವ ಇಬ್ಬರು ಇದನ್ನು ಮೊದಲು ಕಂಡರು. ಎಲ್ಲಿ ಗೊತ್ತಾ? ಆರೋಗ್ಯವಾಗಿದ್ದ ಹಸುಗೂಸುಗಳ ಮಲದಲ್ಲಿ! ಮಕ್ಕಳಿಗೆ ಏನೂ ಆಗಿರಲಿಲ್ಲ. ಹಾಗಾಗಿ ಇದು ಅಪಾಯಕಾರಿ ಅಂತ ಯಾರಿಗೂ ಹೊಳೆಯಲಿಲ್ಲ. ಆಂಟಿಬಯಾಟಿಕ್ ತೆಗೆದುಕೊಂಡವರಿಗೆ ಬರುವ ಕೆಟ್ಟ ಭೇದಿಗೆ ಇದೇ ಕಾರಣ ಅಂತ ಗೊತ್ತಾಗುವಷ್ಟರಲ್ಲಿ 1978 ಆಗಿತ್ತು. ಇದನ್ನು ಬೆಳೆಸಬೇಕಾದರೆ ಆಮ್ಲಜನಕ ಸೋಕಬಾರದು. ಎರಡು ದಿನ ಗಾಳಿಯಿಲ್ಲದ ಜಾರಿನಲ್ಲಿಟ್ಟು ಪ್ಲೇಟಿನ ಮುಚ್ಚಳ ತೆಗೆದರೆ ಕುದುರೆ ಲಾಯದ ವಾಸನೆ ಗಪ್ಪಂತ ಬರುತ್ತದೆ. ಯುವಿ ದೀಪ ಹಿಡಿದರೆ ಕಾಲೊನಿಗಳು ಹಳದಿ ಹಸಿರಾಗಿ ಹೊಳೆಯುತ್ತವೆ. ನೋಡೋಕೆ ಚೆಂದ, ಅದರ ಕೆಲಸ ಮಾತ್ರ ಚೆಂದವಲ್ಲ.

ವಾಸನೆ ಅಂದಾಗ ನೆನಪಾಯಿತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕ್ಲಿಫ್ ಅನ್ನುವ ಬೀಗಲ್ ನಾಯಿಗೆ ಈ ವಾಸನೆಯನ್ನು ಕಲಿಸಿದ್ದರು. ವಾರ್ಡಿನಲ್ಲಿ ಸುತ್ತಾಡಿಸಿದರೆ ಸೋಂಕಿರುವ ರೋಗಿಯ ಹಾಸಿಗೆ ಹತ್ತಿರ ಕೂತುಬಿಡುತ್ತಿತ್ತು. 30 ಸೋಂಕಿತರಲ್ಲಿ 25 ಜನರನ್ನು ಸರಿಯಾಗಿ ಹಿಡಿದುಕೊಟ್ಟಿತು. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಪ್ರಕಟವಾಯಿತು.

ಸರಿ, ಈ ಸಿ. ಡಿಫ್ ಕಾಯಿಲೆ ಯಾವಾಗ ತರುತ್ತದೆ? ನಮ್ಮ ಕೆಎಸ್‌ಆರ್‌ಟಿಸಿ ಬಸ್ಸನ್ನು ನೆನಪಿಸಿಕೊಳ್ಳಿ. ಹಬ್ಬದ ಹಿಂದಿನ ದಿನ, ಪ್ರತಿ ಸೀಟಿಗೂ ಜನ. ಕಿಟಕಿಯಿಂದ ಟವೆಲ್ ಎಸೆದರೂ ಜಾಗ ಸಿಗಲ್ಲ. ದೊಡ್ಡಕರುಳು ಯಾವಾಗಲೂ ಹಾಗೆ ತುಂಬಿ ತುಳುಕುವ ಬಸ್ಸು. ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅಂತ 2016ರ ಒಂದು ಲೆಕ್ಕಾಚಾರ. ಅದರಲ್ಲಿ ಹೆಚ್ಚಿನವು ಅಲ್ಲೇ ಇರುವುದು. ಒಂದೋ ಎರಡೋ ಸಿ. ಡಿಫ್ ಹತ್ತಿಕೊಂಡರೂ ಬಾಗಿಲ ಹತ್ತಿರ ನೇತಾಡಬೇಕು ಅಷ್ಟೇ. ಈಗ ನೀವು ಯಾವುದೋ ಹಲ್ಲುನೋವಿಗೋ ಜ್ವರಕ್ಕೋ ಜೋರಾದ ಆಂಟಿಬಯಾಟಿಕ್ ತೆಗೆದುಕೊಂಡಿರಿ ಅನ್ನಿ. ಬಸ್ಸು ಖಾಲಿ. ಬಾಗಿಲಲ್ಲಿ ನೇತಾಡುತ್ತಿದ್ದ ಪುಂಡ ಒಳಗೆ ಬಂದು ಮಲಗಿಬಿಡುತ್ತಾನೆ.

ಅವನು ಸಾಯಲಿಲ್ಲ ಯಾಕೆ? ಸ್ಪೋರ್ ಆಗಿ, ಅಂದರೆ ಗಟ್ಟಿ ಕವಚದೊಳಗೆ ನಿದ್ದೆ ಮಾಡುತ್ತಿದ್ದ. ಈ ಸ್ಪೋರ್‌ಗೆ ಆಂಟಿಬಯಾಟಿಕ್ ತಾಗುವುದಿಲ್ಲ. ಕೋವಿಡ್ ಕಾಲದಲ್ಲಿ ಎಲ್ಲರೂ ಕೈಗೆ ಸುರಿದುಕೊಂಡೆವಲ್ಲ, ಆ ಸ್ಯಾನಿಟೈಜರ್ ಕೂಡ ಇದನ್ನು ಕೊಲ್ಲುವುದಿಲ್ಲ. ಸೋಪು ಹಾಕಿ, ನಲ್ಲಿ ನೀರಿನಲ್ಲಿ ಕೈ ತಿಕ್ಕಿ ತೊಳೆದು ಕಳಿಸಬೇಕು ಅಷ್ಟೇ. ಆಸ್ಪತ್ರೆಯ ನೆಲ, ಮಂಚದ ಸರಳು, ಬೆಡ್‌ಪ್ಯಾನ್ ಮೇಲೆ ತಿಂಗಳುಗಟ್ಟಲೆ ಬದುಕಿರುತ್ತದೆ.

ಸ್ಪೋರ್ ಎದ್ದು ಬೆಳೆದ ಮೇಲೆ ಎ ಮತ್ತು ಬಿ ಅನ್ನುವ ಎರಡು ವಿಷಗಳನ್ನು ಬಿಡುತ್ತದೆ. ಕರುಳಿನ ಒಳಪದರ ಸುಟ್ಟಂತಾಗಿ ಹಳದಿ ಚಕ್ಕೆಗಳು ಕಟ್ಟುತ್ತವೆ. ದಿನಕ್ಕೆ ಹತ್ತು, ಹದಿನೈದು ಸಲ ಭೇದಿ. ವಯಸ್ಸಾದವರಿಗೆ ಇದು ಜೀವಕ್ಕೇ ಬರುತ್ತದೆ. ಅಮೆರಿಕದಲ್ಲಿ 2011ರ ಒಂದೇ ವರ್ಷದಲ್ಲಿ ಸುಮಾರು 4,53,000 ಜನಕ್ಕೆ ಈ ಸೋಂಕು ಬಂದು, ಸುಮಾರು 29,000 ಜನ ತೀರಿಕೊಂಡರು ಅಂತ ಅಂದಾಜು. ನಮ್ಮ ದೇಶದಲ್ಲಿ ಇದರ ವರದಿ ಅಷ್ಟು ಜಾಸ್ತಿ ಇಲ್ಲ. ಆದರೆ ಎಷ್ಟೋ ಕಡೆ ಪರೀಕ್ಷೆಯನ್ನೇ ಮಾಡಿಸುವುದಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗ ವಿಚಿತ್ರ ನೋಡಿ. ಆಂಟಿಬಯಾಟಿಕ್‌ನಿಂದ ಬಂದ ಕಾಯಿಲೆಗೆ ಕೊಡುವ ಮದ್ದೂ ಆಂಟಿಬಯಾಟಿಕ್ಕೇ. ಹೆಚ್ಚಾಗಿ ವ್ಯಾಂಕೊಮೈಸಿನ್. ಕೊಟ್ಟಷ್ಟು ದಿನ ಭೇದಿ ನಿಲ್ಲುತ್ತದೆ. ನಿಲ್ಲಿಸಿದ ಮೇಲೆ ನಾಲ್ಕೈದು ರೋಗಿಗಳಲ್ಲಿ ಒಬ್ಬರಿಗೆ ಮತ್ತೆ ಶುರು. ಮತ್ತೆ ಕೊಟ್ಟರೆ ಮತ್ತೆ ನಿಂತು, ಮತ್ತೆ ಶುರು. ಒಂದು ಸಲ ಮರುಕಳಿಸಿದವರಿಗೆ ಇನ್ನೊಂದು ಸಲ ಬರುವ ಸಂಭವ ಇನ್ನೂ ಜಾಸ್ತಿ. ಮದ್ದು ಪುಂಡನನ್ನೂ ಹೊರಗೆ ಹಾಕುತ್ತದೆ, ಆಗತಾನೇ ಬಂದು ಕೂರುತ್ತಿದ್ದ ಸಾಧು ಜನರನ್ನೂ ಹೊರಗೆ ಹಾಕುತ್ತದೆ. ಸ್ಪೋರ್ ಮಾತ್ರ ಕೂತಲ್ಲೇ ಕೂತಿರುತ್ತದೆ.

ಜಾಗದ ಪ್ರಶ್ನೆ ಒಂದೇ ಅಲ್ಲ, ಪಿತ್ತರಸದ ಕಥೆಯೂ ಇದೆ. ಪಿತ್ತಜನಕಾಂಗ ಕಳಿಸುವ ಪಿತ್ತಾಮ್ಲಗಳು ಸಿ. ಡಿಫ್ ಸ್ಪೋರ್‌ಗೆ ‘ಏಳು’ ಅನ್ನುವ ಸೂಚನೆ ಕೊಡುತ್ತವೆ. ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಅದೇ ಆಮ್ಲಗಳನ್ನು ಬೇರೆ ರೂಪಕ್ಕೆ ತಿರುಗಿಸುತ್ತವೆ. ಆ ತಿರುಗಿಸಿದ ರೂಪ ಸಿ. ಡಿಫ್ ಬೆಳೆಯದಂತೆ ತಡೆಯುತ್ತದೆ. ಕ್ಲಾಸ್ಟ್ರಿಡಿಯಂ ಸಿಂಡೆನ್ಸ್ ಅನ್ನುವ ಒಂದೇ ಜಾತಿ ಈ ಕೆಲಸದಲ್ಲಿ ಎಷ್ಟು ಮುಖ್ಯ ಅಂತ 2015ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಹೆಸರಿನಲ್ಲೇ ಗೊತ್ತಾಗುತ್ತದೆ, ಅದು ಸಿ. ಡಿಫ್‌ನ ದೂರದ ನೆಂಟ. ಆಂಟಿಬಯಾಟಿಕ್ ಬಿದ್ದಾಗ ಈ ನೆಂಟರೂ ಹೋಗುತ್ತಾರೆ. ಹಾಗಾಗಿ ಹೋದವರನ್ನು ವಾಪಸ್ ಕರೆತಂದು ತುಂಬಿಸದೆ ರೋಗ ಬಿಡುವುದಿಲ್ಲ. ಎಲ್ಲಿಂದ ತರುವುದು? ಇನ್ನೊಬ್ಬರ ಕರುಳಿನಿಂದ.

ಈ ಯೋಚನೆ ಹೊಸದಲ್ಲ. ದನ ಸಾಕಿದವರು ಇಲ್ಲಿ ಇದ್ದೀರಿ. ಹಸು ಎಲ್ಲೋ ಕಟ್ಟು ಬಿಚ್ಚಿಕೊಂಡು ಹೋಗಿ ಧಾನ್ಯ ಜಾಸ್ತಿ ತಿಂದು, ಮೆಲುಕು ನಿಲ್ಲಿಸಿಬಿಟ್ಟರೆ ಪಶುವೈದ್ಯರು ಏನು ಮಾಡುತ್ತಾರೆ? ಬೇರೆ ಆರೋಗ್ಯವಾದ ದನದ ಹೊಟ್ಟೆಯ ರಸ ತಂದು ಇದಕ್ಕೆ ಕುಡಿಸುವ ಪದ್ಧತಿ ಇವತ್ತಿಗೂ ಇದೆ. ಮೆಲುಕು ನಿಂತ ಪ್ರಾಣಿಗೆ ಇನ್ನೊಂದರ ಬಾಯಿಯಿಂದ ಮೆಲುಕು ತೆಗೆದು ಕೊಡುವುದನ್ನು ಇಟಲಿಯ ಫ್ಯಾಬ್ರಿಷಿಯಸ್ 17ನೇ ಶತಮಾನದ ಹೊತ್ತಿಗೇ ಹೇಳಿದ್ದಾನೆ. ಚೀನಾದಲ್ಲಿ ಇನ್ನೂ ಹಿಂದೆ, 4ನೇ ಶತಮಾನದಲ್ಲಿ, ಗೆ ಹೊಂಗ್ ಅನ್ನುವ ವೈದ್ಯ ವಿಷಾಹಾರ ಮತ್ತು ಜೋರು ಭೇದಿಗೆ ಮನುಷ್ಯರ ಮಲದ ಕದಡನ್ನು ಕುಡಿಸಿ ಅಂತ ಬರೆದ. ರೋಗಿಗೆ ಅದು ಏನು ಅಂತ ಹೇಳುತ್ತಿದ್ದರೋ ಇಲ್ಲವೋ! ಇನ್ನು ಆನೆಮರಿಗಳಂತೂ ತಾಯಿಯ ಲದ್ದಿ ತಿಂದೇ ತಮ್ಮ ಕರುಳಿಗೆ ಬೇಕಾದ ಬ್ಯಾಕ್ಟೀರಿಯಾ ಪಡೆಯುತ್ತವೆ. ದುಬಾರೆಗೋ ನಾಗರಹೊಳೆಗೋ ಹೋದಾಗ ಮರಿ ಹಾಗೆ ಮಾಡುವುದು ಕಂಡರೆ ಮಕ್ಕಳಿಗೆ ‘ಛೀ’ ಅನ್ನಬೇಡಿ, ಇದನ್ನು ಹೇಳಿ.

ಆಧುನಿಕ ವೈದ್ಯದಲ್ಲಿ ಇದು ಶುರುವಾದದ್ದು 1958ರಲ್ಲಿ, ಅಮೆರಿಕದ ಡೆನ್ವರ್‌ನಲ್ಲಿ. ಬೆನ್ ಐಸ್‌ಮನ್ ಅನ್ನುವ ಸರ್ಜನ್. ಆಂಟಿಬಯಾಟಿಕ್ ನಂತರ ಕರುಳು ಕೆಟ್ಟು ಮಲಗಿದ್ದ ನಾಲ್ಕು ರೋಗಿಗಳಿಗೆ ಆರೋಗ್ಯವಂತರ ಮಲವನ್ನು ಎನಿಮಾ ಮಾಡಿ ಕೊಟ್ಟರು. ಸಿ. ಡಿಫ್ ಬಗ್ಗೆ ಆಗ ಯಾರಿಗೂ ಗೊತ್ತಿರಲಿಲ್ಲ, ಬೇರೆ ಯಾವುದೋ ಬ್ಯಾಕ್ಟೀರಿಯಾದ ಮೇಲೆ ಅನುಮಾನ ಇತ್ತು. ಆದರೂ ನಾಲ್ವರೂ ಚೇತರಿಸಿಕೊಂಡರು. ಅದೇ 1958ರಲ್ಲಿ ವ್ಯಾಂಕೊಮೈಸಿನ್ ಕೂಡ ಅಮೆರಿಕದ ಮಾರುಕಟ್ಟೆಗೆ ಬಂತು. ಬೋರ್ನಿಯೊ ಕಾಡಿನ ಮಣ್ಣಿನಿಂದ ತೆಗೆದ ಮದ್ದು, ಚೊಕ್ಕ ಸೀಸೆಯಲ್ಲಿ. ಒಂದು ಕಡೆ ಕಂಪನಿಯ ಸೀಸೆ, ಇನ್ನೊಂದು ಕಡೆ ಮಲದ ಡಬ್ಬಿ. ಯಾವ ಡಾಕ್ಟರು ಯಾವುದನ್ನು ಆರಿಸಿಕೊಂಡಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಐಸ್‌ಮನ್ ದಾರಿಯಲ್ಲಿ ಹೋದವರು ಬೆರಳೆಣಿಕೆಯಷ್ಟು. 1983ರಲ್ಲಿ ಸ್ವೀಡನ್‌ನ ಉಪ್ಸಾಲಾದಲ್ಲಿ ಒಬ್ಬ ರೋಗಿಗೆ ಮಾಡಿದರು. ಸಿ. ಡಿಫ್ ಅಂತ ಖಚಿತವಾದ ಮೇಲೆ ಮಾಡಿದ ಮೊದಲ ವರದಿ ಅದು.

ಆಮೇಲೆ ಬಂದದ್ದು ಅಮೆರಿಕದ ಮಿನೆಸೋಟದ ವೈದ್ಯ ಅಲೆಕ್ಸಾಂಡರ್ ಖೊರುಟ್ಸ್ ಅವರ ರೋಗಿಯ ಕಥೆ. 2008. ಆ ಹೆಂಗಸು ಎಂಟು ತಿಂಗಳಲ್ಲಿ ಸುಮಾರು 27 ಕೆ.ಜಿ. ಇಳಿದಿದ್ದರು. ಡೈಪರ್ ಹಾಕಿಕೊಂಡು ವೀಲ್‌ಚೇರಿನಲ್ಲಿ ಕೂತಿರುತ್ತಿದ್ದರು. ಗಂಡನ ಮಲವನ್ನು ಸಲೈನ್‌ನಲ್ಲಿ ಕದಡಿ ಕೊಲೊನೊಸ್ಕೋಪಿ ಕೊಳವೆಯಿಂದ, ಅಂದರೆ ಗುದದ್ವಾರದಿಂದ ಹಾಕಿ ದೊಡ್ಡಕರುಳಿನ ಒಳಗೆ ನೋಡುವ ಕೊಳವೆಯಿಂದ, ಬಿಟ್ಟರು. ಒಂದು ದಿನದಲ್ಲಿ ಭೇದಿ ನಿಂತಿತು. ಖೊರುಟ್ಸ್ ತಂಡ ಅಲ್ಲಿಗೇ ಬಿಡದೆ ಮೊದಲಿನ ಮತ್ತು ನಂತರದ ಬ್ಯಾಕ್ಟೀರಿಯಾಗಳನ್ನು ಹೋಲಿಸಿ ನೋಡಿತು. ಮೊದಲು ಆಕೆಯ ಕರುಳಿನಲ್ಲಿ ಇರಬೇಕಾದ ಗುಂಪುಗಳು ನಾಪತ್ತೆ. ಎರಡು ವಾರ ಕಳೆದ ಮೇಲೆ ನೋಡಿದರೆ ಗಂಡನ ಬ್ಯಾಕ್ಟೀರಿಯಾಗಳು ಅಲ್ಲಿ ಸಂಸಾರ ಹೂಡಿದ್ದವು.

ಆದರೆ ಒಬ್ಬರ ಕಥೆ ಎಷ್ಟೇ ರೋಚಕವಾಗಿದ್ದರೂ ಕಥೆಯೇ. ನಂಬಬೇಕಾದರೆ ಚೀಟಿ ಎತ್ತಿ ಗುಂಪು ಮಾಡಿ ಹೋಲಿಸಬೇಕು. ಅದನ್ನು ಮಾಡಿದವರು ಆಮ್‌ಸ್ಟರ್‌ಡ್ಯಾಮ್‌ನ ಎಲ್ಸ್ ವಾನ್ ನೂಡ್, ಯೋಸ್ಬರ್ಟ್ ಕೆಲ್ಲರ್ ಮತ್ತು ಸಂಗಡಿಗರು. ಅವರ ವರದಿ 2013ರ ಜನವರಿಯಲ್ಲಿ ಬಂತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ವೈದ್ಯಕೀಯದಲ್ಲಿ ಇಷ್ಟು ಚಿಕ್ಕ ಪ್ರಯೋಗ ಇಷ್ಟು ದೊಡ್ಡ ಮಾತು ಹೇಳುವುದು ಅಪರೂಪ.

ರೋಗಿಗಳೆಲ್ಲ ಸಿ. ಡಿಫ್ ಮರುಕಳಿಸಿ ಸುಸ್ತಾದವರು. ಮೂರು ಗುಂಪು. ಒಂದಕ್ಕೆ ವ್ಯಾಂಕೊಮೈಸಿನ್ ಹದಿನಾಲ್ಕು ದಿನ. ಇನ್ನೊಂದಕ್ಕೆ ಅದರ ಜೊತೆಗೆ ಕರುಳು ತೊಳೆಯುವುದು. ಮೂರನೆಯದಕ್ಕೆ ಕೆಲವೇ ದಿನ ವ್ಯಾಂಕೊಮೈಸಿನ್ ಕೊಟ್ಟು, ಕೊಲೊನೊಸ್ಕೋಪಿಗೆ ಮುಂಚೆ ಕುಡಿಸುತ್ತಾರಲ್ಲ, ಆ ಥರದ ದ್ರಾವಣ ನಾಲ್ಕು ಲೀಟರ್ ಕುಡಿಸಿ ಕರುಳು ತೊಳೆದು, ಮಾರನೇ ದಿನ ಮಲಕಸಿ. ದಾನಿ ಅವತ್ತೇ ಬೆಳಿಗ್ಗೆ ಕೊಟ್ಟ ಮಲ. ಅದನ್ನು 500 ಎಂಎಲ್ ಸಲೈನ್‌ನಲ್ಲಿ ಕದಡಿ, ಮೇಲಿನ ತಿಳಿಯನ್ನು ಸೋಸಿ ಬಾಟಲಿಗೆ ತುಂಬಿದರು. ಆರು ಗಂಟೆಯೊಳಗೆ ಕೊಟ್ಟು ಮುಗಿಸಬೇಕು. ಮೂಗಿನಿಂದ ಸಣ್ಣ ಕೊಳವೆ ಹಾಕಿ, ಹೊಟ್ಟೆ ದಾಟಿಸಿ, ಸಣ್ಣಕರುಳಿನ ಆರಂಭಕ್ಕೆ ಮುಟ್ಟಿಸಿ, ಸಿರಿಂಜಿನಿಂದ ಎರಡು ಮೂರು ನಿಮಿಷಕ್ಕೆ 50 ಎಂಎಲ್‌ನಂತೆ ಬಿಟ್ಟರು. ಹೆಚ್ಚುಕಡಿಮೆ ಅರ್ಧ ಗಂಟೆಯ ಕೆಲಸ. ಕೊಳವೆಯಲ್ಲಿ ಹೋಗುವುದರಿಂದ ರುಚಿ ಗೊತ್ತಾಗುವುದಿಲ್ಲ. ಬಾಟಲಿ ಕಣ್ಣಿಗೆ ಬೀಳದಂತೆ ಇಟ್ಟಿದ್ದರೋ ಅಂತ ಕೇಳಬೇಡಿ, ಅದನ್ನು ವರದಿಯಲ್ಲಿ ಬರೆಯುವುದಿಲ್ಲ!

ಫಲಿತಾಂಶ ಹೀಗಿತ್ತು. ಬರೀ ವ್ಯಾಂಕೊಮೈಸಿನ್ ತೆಗೆದುಕೊಂಡ 13 ಜನರಲ್ಲಿ ಗುಣವಾದವರು ನಾಲ್ವರು. ಜೊತೆಗೆ ಕರುಳು ತೊಳೆದ ಗುಂಪಿನಲ್ಲಿ 13ಕ್ಕೆ ಮೂವರು. ಮಲಕಸಿಯಾದ 16 ಜನರಲ್ಲಿ 13 ಜನ ಒಂದೇ ಸಲಕ್ಕೆ ಗುಣವಾದರು. ಉಳಿದ ಮೂವರಿಗೆ ಬೇರೆ ದಾನಿಯ ಮಲ ಕೊಟ್ಟಾಗ ಇನ್ನಿಬ್ಬರು ಗುಣವಾದರು. ಒಟ್ಟು 16ಕ್ಕೆ 15. ಮೂಲ ಯೋಜನೆಯಲ್ಲಿ 120 ರೋಗಿಗಳು ಬೇಕಿತ್ತು. ಮಧ್ಯದಲ್ಲಿ ಲೆಕ್ಕ ತೆಗೆದು ನೋಡಿದ ಸಮಿತಿ, ಮುಂದುವರಿಸಿದರೆ ಉಳಿದವರಿಗೆ ಅನ್ಯಾಯವಾಗುತ್ತದೆ ಅಂತ ಪ್ರಯೋಗವನ್ನೇ ನಿಲ್ಲಿಸಿತು. ಆಂಟಿಬಯಾಟಿಕ್ ಗುಂಪಿನಲ್ಲಿ ಮರುಕಳಿಸಿದ 18 ಜನರಿಗೆ ಆಮೇಲೆ ಮಲಕಸಿ ಮಾಡಿದರೆ ಅವರಲ್ಲೂ 15 ಜನ ಗುಣವಾದರು. ಚಿಕಿತ್ಸೆಯಾದ ದಿನ ಎಲ್ಲರಿಗೂ ಹತ್ತಿರಹತ್ತಿರ ಭೇದಿ, ಕೆಲವರಿಗೆ ಹೊಟ್ಟೆನುಲಿತ ಇತ್ತು. ಕೆಲವೇ ಗಂಟೆಗಳಲ್ಲಿ ಹೋಯಿತು.

ಇನ್ನು ದಾನಿಗಳ ವಿಷಯ. ಮನೆಯವರದ್ದೇ ಕೊಟ್ಟರಾಯಿತಲ್ಲ ಅಂತ ಅನ್ನಿಸುತ್ತದೆ. ಮೊದಮೊದಲು ಹಾಗೇ ಮಾಡುತ್ತಿದ್ದರು. ಆದರೆ ಪ್ರತಿ ರೋಗಿಗೂ ಒಬ್ಬ ನೆಂಟರನ್ನು ಹಿಡಿದು, ಅವರಿಗೆ ಇಪ್ಪತ್ತಾರು ಪರೀಕ್ಷೆ ಮಾಡಿಸಿ, ಯಾವುದೋ ಒಂದರಲ್ಲಿ ಫೇಲಾಗಿ, ಮತ್ತೊಬ್ಬರನ್ನು ಹುಡುಕಿ... ಅಷ್ಟರಲ್ಲಿ ರೋಗಿ ಹಣ್ಣಾಗಿರುತ್ತಾರೆ. ಇದಕ್ಕೆ ಅಂತಲೇ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2012ರಲ್ಲಿ ಓಪನ್‌ಬಯೋಮ್ ಶುರುವಾಯಿತು. ಲಾಭದ ಉದ್ದೇಶವಿಲ್ಲದ ಮಲದ ಬ್ಯಾಂಕು. ಎಂಐಟಿಯಲ್ಲಿ ಓದುತ್ತಿದ್ದ ಮಾರ್ಕ್ ಸ್ಮಿತ್ ಮತ್ತು ಗೆಳೆಯರು ಕಟ್ಟಿದ್ದು. ಒಂದು ಸಲದ ದಾನಕ್ಕೆ 40 ಡಾಲರ್ ಕೊಡುತ್ತಿದ್ದರು. ದುಡ್ಡಿನ ಆಸೆಗೆ ಜನ ಸಾಲುಗಟ್ಟಿದರು. ಎಲ್ಲ ಜರಡಿ ದಾಟಿ ಉಳಿಯುತ್ತಿದ್ದವರು ನೂರಕ್ಕೆ ಮೂರು ಜನ, ಅಷ್ಟೂ ಇಲ್ಲ. ಒಳ್ಳೊಳ್ಳೆ ಕಾಲೇಜಿನಲ್ಲಿ ಸೀಟು ಸಿಗುವುದು ಇದಕ್ಕಿಂತ ಸುಲಭ ಅಂತ ಅಲ್ಲಿನ ಪತ್ರಿಕೆಗಳು ತಮಾಷೆ ಮಾಡಿದ್ದವು.

ಜರಡಿ ಎಂಥದ್ದು ನೋಡಿ. ಕಳೆದ ಮೂರು ತಿಂಗಳಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡಿರಬಾರದು. ದಪ್ಪ ಇರಬಾರದು. ಸಕ್ಕರೆ ಕಾಯಿಲೆ, ಕರುಳಿನ ಉರಿಯೂತ, ಅಲರ್ಜಿ, ಮಾನಸಿಕ ಕಾಯಿಲೆ ಇರಬಾರದು. ಇತ್ತೀಚೆಗೆ ಹಚ್ಚೆ ಹಾಕಿಸಿರಬಾರದು. ರಕ್ತದಲ್ಲಿ ಎಚ್‌ಐವಿ, ಕಾಮಾಲೆಯ ವೈರಸ್‌ಗಳು, ಸಿಫಿಲಿಸ್ ಇಲ್ಲ ಅಂತ ಗೊತ್ತಾಗಬೇಕು. ಮಲದಲ್ಲಿ ಸಾಲ್ಮೊನೆಲ್ಲಾ, ಶಿಗೆಲ್ಲಾ, ಜಿಯಾರ್ಡಿಯಾ, ನೊರೊವೈರಸ್, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಯಾವುದೂ ಕಾಣಬಾರದು. ಇಷ್ಟಾದರೂ ಮುಗಿಯಲಿಲ್ಲ. ಕೊಟ್ಟ ಮಲವನ್ನು ಮೈನಸ್ 80 ಡಿಗ್ರಿಯಲ್ಲಿ ಬೇರೆಯೇ ಇಟ್ಟು, ವಾರಗಳ ನಂತರ ದಾನಿಗೆ ಎಲ್ಲ ಪರೀಕ್ಷೆ ಮತ್ತೆ ಮಾಡಿ, ಆಗಲೂ ಪಾಸಾದರೆ ಮಾತ್ರ ಹಳೆಯ ದಾಸ್ತಾನನ್ನು ಬಿಡುಗಡೆ ಮಾಡುತ್ತಾರೆ.

ಇನ್ನೊಂದು ನಿಯಮ ನಮಗೆ ಸಂಬಂಧಪಟ್ಟದ್ದು. ಭೇದಿ ಕಾಯಿಲೆಗಳು ಜಾಸ್ತಿ ಇರುವ ದೇಶಗಳಿಗೆ ಕಳೆದ ಆರು ತಿಂಗಳಲ್ಲಿ ಹೋಗಿಬಂದವರನ್ನು ಅನೇಕ ಮಾರ್ಗಸೂಚಿಗಳು ಬೇಡ ಅನ್ನುತ್ತವೆ. ಬಾಸ್ಟನ್ನಿನಲ್ಲಿರುವ ನಮ್ಮ ಹುಡುಗ ಎಷ್ಟೇ ಗಟ್ಟಿಮುಟ್ಟಾಗಿರಲಿ, ತಂಗಿ ಮದುವೆಗೆ ದಾವಣಗೆರೆಗೆ ಬಂದು ನಾಲ್ಕು ದಿನ ಬೆಣ್ಣೆದೋಸೆ ತಿಂದು ಹೋದರೆ ಆರು ತಿಂಗಳು ಅವನ ಮಲ ಲೆಕ್ಕಕ್ಕಿಲ್ಲ. ಇದು ಅವಮಾನ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಕಾರಣ ಮುಂದೆ ಹೇಳುತ್ತೇನೆ.

2019ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಹೊರಡಿಸಿತು. ಬಾಸ್ಟನ್ನಿನ ಪ್ರಯೋಗಗಳಲ್ಲಿ ಒಬ್ಬನೇ ದಾನಿಯ ಮಲದಿಂದ ಮಾಡಿದ ಕ್ಯಾಪ್ಸೂಲ್ ನುಂಗಿದ ಇಬ್ಬರಿಗೆ ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗದ ಇ. ಕೊಲೈ ಅನ್ನುವ ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯಿತು. ಇಬ್ಬರಿಗೂ ಮೊದಲೇ ದೊಡ್ಡ ಕಾಯಿಲೆ ಇತ್ತು: ಒಬ್ಬರಿಗೆ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಕೆಡುವ ಕಾಯಿಲೆ, ಇನ್ನೊಬ್ಬರು ಅಸ್ಥಿಮಜ್ಜೆಯ ಕಸಿಗೆ ಒಳಗಾದವರು. ಎರಡನೆಯವರು ತೀರಿಕೊಂಡರು. ಆ ದಾನಿಗೆ ಏನೂ ಆಗಿರಲಿಲ್ಲ, ಆರಾಮಾಗಿ ಓಡಾಡಿಕೊಂಡಿದ್ದ. ಕ್ಯಾಪ್ಸೂಲ್ ಮಾಡಿದ್ದು 2018ರ ನವೆಂಬರ್‌ನಲ್ಲಿ. ಈ ಥರದ ಇ. ಕೊಲೈಗಾಗಿ ಪರೀಕ್ಷೆ ಸೇರಿಸಿದ್ದು 2019ರ ಜನವರಿಯಲ್ಲಿ. ಫ್ರೀಜರಿನಲ್ಲಿದ್ದ ಹಳೆಯ ಕ್ಯಾಪ್ಸೂಲುಗಳನ್ನು ತೆಗೆದು ನೋಡಿರಲಿಲ್ಲ, ಅಷ್ಟೇ. ನಿಯಮ ಹೊಸದಾದಾಗ ಹಳೆಯ ದಾಸ್ತಾನು ಏನು ಮಾಡಬೇಕು ಅನ್ನುವುದು ಯಾವ ಲ್ಯಾಬಿನಲ್ಲೂ ಮರೆತುಹೋಗುವ ವಿಷಯ. ಇಲ್ಲಿ ಅದಕ್ಕೆ ಒಂದು ಜೀವ ಹೋಯಿತು.

ಈಗ ದಾವಣಗೆರೆಗೆ ವಾಪಸ್ ಬರೋಣ. ನಮ್ಮಲ್ಲಿ ಮೆಡಿಕಲ್ ಶಾಪಿಗೆ ಹೋಗಿ ‘ಗಂಟಲು ನೋವು, ಏನಾದ್ರೂ ಕೊಡಿ’ ಅಂದರೆ ಆಂಟಿಬಯಾಟಿಕ್ ಕೊಡುತ್ತಾರೆ, ಎರಡು ದಿನಕ್ಕೆ ನಾಲ್ಕು ಮಾತ್ರೆ ಸ್ಟ್ರಿಪ್ಪಿನಿಂದ ಕತ್ತರಿಸಿ. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಅನ್ನುವ ನಿಯಮ ಇದೆ. ಪಟ್ಟಿಯಲ್ಲಿರುವ ಆಂಟಿಬಯಾಟಿಕ್ ಮಾರಿದರೆ ರೋಗಿಯ ಹೆಸರು, ಡಾಕ್ಟರ ಹೆಸರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಎಷ್ಟು ಅಂಗಡಿಯಲ್ಲಿ ಆ ರಿಜಿಸ್ಟರ್ ನೋಡಿದ್ದೀರಿ? ಇದರ ಫಲವಾಗಿ ಏನೂ ಕಾಯಿಲೆಯಿಲ್ಲದ ನಮ್ಮ ಜನರ ಕರುಳಿನಲ್ಲೂ ಮದ್ದಿಗೆ ಬಗ್ಗದ ಇ. ಕೊಲೈ ಸುಮ್ನೆ ಕೂತಿರುತ್ತದೆ. ಅದು ಅವರಿಗೆ ತೊಂದರೆ ಕೊಡುವುದಿಲ್ಲ. ಬಾಸ್ಟನ್ನಿನ ಆ ದಾನಿಗೂ ಕೊಟ್ಟಿರಲಿಲ್ಲ. ಹಾಗಾಗಿ ಇಲ್ಲಿ ಮಲದ ಬ್ಯಾಂಕು ತೆರೆದರೆ ಜರಡಿ ದಾಟುವವರು ನೂರಕ್ಕೆ ಮೂರಕ್ಕಿಂತಲೂ ಕಡಿಮೆಯಾದರೆ ನನಗೇನೂ ಆಶ್ಚರ್ಯವಿಲ್ಲ.

ಆದರೂ ನಮ್ಮ ದೇಶದಲ್ಲಿ ಕೆಲಸ ನಡೆದಿದೆ, ಚೆನ್ನಾಗಿಯೇ ನಡೆದಿದೆ. ಲುಧಿಯಾನಾದ ದಯಾನಂದ ಮೆಡಿಕಲ್ ಕಾಲೇಜಿನಲ್ಲಿ ಡಾ. ಅಜಿತ್ ಸೂದ್ ಅವರ ತಂಡ ಅಲ್ಸರೇಟಿವ್ ಕೊಲೈಟಿಸ್‌ಗೆ ಇದನ್ನು ಮಾಡುತ್ತಿದೆ. ಅದು ಸಿ. ಡಿಫ್ ಅಲ್ಲ, ದೊಡ್ಡಕರುಳು ಹುಣ್ಣಾಗಿ ರಕ್ತಭೇದಿಯಾಗುವ ದೀರ್ಘ ಕಾಯಿಲೆ. 2019ರಲ್ಲಿ 61 ರೋಗಿಗಳ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದರು. ಕಾಯಿಲೆ ಹತೋಟಿಗೆ ಬಂದವರಿಗೆ ಎಂಟು ವಾರಕ್ಕೊಮ್ಮೆ ಮಲಕಸಿ. ರೋಗ ತಿರುಗಿ ಬರದಂತೆ ತಡೆಯುತ್ತದೆಯೇ ಅನ್ನುವ ಮುಖ್ಯ ಅಳತೆಯಲ್ಲಿ ವ್ಯತ್ಯಾಸ ಖಚಿತ ಅನ್ನುವಷ್ಟು ಬರಲಿಲ್ಲ. ಎಂಡೋಸ್ಕೋಪಿಯಲ್ಲಿ ನೋಡಿದಾಗ ಮಾತ್ರ ಮಲಕಸಿಯಾದವರ ಕರುಳು ಹೆಚ್ಚು ಚೆನ್ನಾಗಿತ್ತು. ದೆಹಲಿಯ ಐಎಲ್‌ಬಿಎಸ್ ಅನ್ನುವ ಲಿವರ್ ಆಸ್ಪತ್ರೆ ಕುಡಿತದಿಂದ ಲಿವರ್ ಹಾಳಾದ ಎಂಟು ಜನರಿಗೆ ಮಾಡಿ 2017ರಲ್ಲಿ ವರದಿ ಕೊಟ್ಟಿತು. ಅವರಲ್ಲಿ ಏಳು ಜನ ಒಂದು ವರ್ಷ ಕಳೆದರೂ ಬದುಕಿದ್ದರು. ಎಂಟು ಜನರ ಲೆಕ್ಕದ ಮೇಲೆ ಏನೂ ಕಟ್ಟಲಾಗದು, ಆದರೆ ಕುತೂಹಲ ಹುಟ್ಟಿಸುವಂಥದ್ದು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮಲಕಸಿ ಗಟ್ಟಿ ನೆಲದ ಮೇಲೆ ನಿಂತಿರುವುದು ಮರುಕಳಿಸುವ ಸಿ. ಡಿಫ್ ಒಂದಕ್ಕೇ. ಬೊಜ್ಜು, ಆಟಿಸಂ, ಖಿನ್ನತೆ, ಮಂಡಿನೋವು ಅಂತ ಮೊಬೈಲಿನಲ್ಲಿ ಬರುವುದೆಲ್ಲ ಈಗಿನ್ನೂ ಪ್ರಯೋಗದ ಮಾತು, ಅಥವಾ ಅದೂ ಅಲ್ಲ. ಮನೆಯಲ್ಲಿ ಮಿಕ್ಸಿ ಹಿಡಿದುಕೊಂಡು ತಾವೇ ಮಾಡಿಕೊಳ್ಳುವವರೂ ಅಮೆರಿಕದಲ್ಲಿ ಇದ್ದಾರೆ. ದಯವಿಟ್ಟು ಬೇಡ. ಪರೀಕ್ಷೆಯಿಲ್ಲದ ಮಲ ಏನೇನು ತರಬಹುದು ಅಂತ ಈಗಷ್ಟೇ ಹೇಳಿದೆ. ಜೊತೆಗೆ 2015ರ ಒಂದು ವರದಿ ಇದೆ. ಅಮೆರಿಕದ ರೋಡ್ ಐಲೆಂಡಿನಲ್ಲಿ ಒಬ್ಬ ತಾಯಿಗೆ ಸಿ. ಡಿಫ್ ಬಂದು, ತುಸು ದಪ್ಪಗಿದ್ದ ಮಗಳ ಮಲ ಕೊಟ್ಟರು. ಸೋಂಕು ಹೋಯಿತು. ಆದರೆ 16 ತಿಂಗಳಲ್ಲಿ ತಾಯಿಯ ತೂಕ ಸುಮಾರು 62 ಕೆ.ಜಿ.ಯಿಂದ 77ಕ್ಕೆ ಏರಿತು. ಮಲದಿಂದಲೇ ಹಾಗಾಯಿತು ಅನ್ನಲು ಒಂದೇ ಪ್ರಕರಣ ಸಾಲದು. ಕಾಯಿಲೆ ಹೋದ ಮೇಲೆ ಊಟ ಸೇರಿದ್ದೂ ಇರಬಹುದು. ದಾನಿ ದಪ್ಪ ಇರಬಾರದು ಅನ್ನುವ ಎಚ್ಚರಿಕೆಗೆ ಮಾತ್ರ ಇದರಿಂದ ಬಲ ಬಂತು.

ಕೊಳವೆ ಬೇಡ ಅನ್ನುವವರಿಗೆ ಕ್ಯಾಪ್ಸೂಲ್ ಬಂದಿದೆ. 2017ರಲ್ಲಿ ಕೆನಡಾದ ಡೀನಾ ಕಾವ್ ತಂಡ 116 ರೋಗಿಗಳಲ್ಲಿ ಹೋಲಿಸಿತು: ಅರ್ಧದಷ್ಟು ಜನರಿಗೆ ಕೊಲೊನೊಸ್ಕೋಪಿ, ಇನ್ನರ್ಧಕ್ಕೆ ಕ್ಯಾಪ್ಸೂಲ್. ಎರಡೂ ಕಡೆ ಶೇ. 96 ಜನ ಗುಣ. ಒಂದೇ ಕಷ್ಟ, ನುಂಗಬೇಕಾದ ಕ್ಯಾಪ್ಸೂಲ್ 40. ಆಮೇಲೆ ಕಂಪನಿಗಳು ಬಂದವು. 2022ರ ನವೆಂಬರ್‌ನಲ್ಲಿ ಅಮೆರಿಕ ‘ರೆಬಯೋಟ’ ಅನ್ನುವ ಎನಿಮಾಗೆ ಒಪ್ಪಿಗೆ ಕೊಟ್ಟಿತು. 2023ರ ಏಪ್ರಿಲ್‌ನಲ್ಲಿ ‘ವೌಸ್ಟ್’ ಅನ್ನುವ ಕ್ಯಾಪ್ಸೂಲಿಗೆ. ಇದು ದಾನಿಯ ಮಲದಿಂದ ಸ್ಪೋರ್ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನಷ್ಟೇ ಉಳಿಸಿಕೊಂಡು ತಯಾರಿಸಿದ್ದು. ದಿನಕ್ಕೆ ನಾಲ್ಕು, ಮೂರು ದಿನ. ಬೆಲೆ ಕೇಳಿ: ಬಿಡುಗಡೆಯಾದಾಗ 17,500 ಡಾಲರ್. ಓಪನ್‌ಬಯೋಮ್ ದಾನಿಗೆ ಕೊಡುತ್ತಿದ್ದದ್ದು 40. ಮಧ್ಯದ ದುಡ್ಡೆಲ್ಲ ಪರೀಕ್ಷೆಗೆ ಹೋಯಿತು ಅಂತ ನಂಬುವಷ್ಟು ಮುಗ್ಧ ನಾನಲ್ಲ. ಆದರೆ ಬಾಸ್ಟನ್ನಿನ ಘಟನೆ ಆದ ಮೇಲೆ ‘ಪರೀಕ್ಷೆ ಬೇಡ, ಅಗ್ಗವಾಗಿ ಕೊಡಿ’ ಅನ್ನೋಕೂ ಬಾಯಿ ಬರುವುದಿಲ್ಲ.

ದಾನಿಯೇ ಬೇಡ ಅನ್ನುವ ದಾರಿಯನ್ನೂ ಕೆಲವರು ಹುಡುಕಿದ್ದಾರೆ. 2013ರಲ್ಲಿ ಕೆನಡಾದಲ್ಲಿ ಒಬ್ಬರ ಮಲದಿಂದ 33 ತಳಿಗಳನ್ನು ಬೇರೆಬೇರೆಯಾಗಿ ಬೆಳೆಸಿ, ಶುದ್ಧ ಮಿಶ್ರಣ ಮಾಡಿ ಇಬ್ಬರು ರೋಗಿಗಳಿಗೆ ಕೊಟ್ಟರು. ಇಬ್ಬರೂ ಗುಣವಾದರು. ಅದಕ್ಕಿಂತ ವಿಚಿತ್ರ ಜರ್ಮನಿಯ ಕೀಲ್‌ನದು, 2017. ಮಲದ ಕದಡನ್ನು ಬ್ಯಾಕ್ಟೀರಿಯಾ ಒಂದೂ ದಾಟದಂಥ ಜರಡಿಯಲ್ಲಿ ಸೋಸಿ, ಬರೀ ಆ ನೀರನ್ನು ಐದು ಜನರಿಗೆ ಕೊಟ್ಟರು. ಐವರೂ ಗುಣ! ಹಾಗಾದರೆ ಇಷ್ಟು ಹೊತ್ತು ನಾನು ಹೇಳಿದ ಬಸ್ಸಿನ ಕಥೆ ಪೂರ್ತಿಯಲ್ಲ. ಬ್ಯಾಕ್ಟೀರಿಯಾ ತಿನ್ನುವ ವೈರಸ್‌ಗಳೋ, ರಾಸಾಯನಿಕಗಳೋ, ಏನೋ ಆ ನೀರಿನಲ್ಲಿದೆ.

ಈಗ ಪ್ರಶ್ನೆಗಳು.

ಹಿಂದಿನ ಸಾಲಿನ ಅಮ್ಮ ಕೇಳಿದ್ದು: “ಇಷ್ಟೆಲ್ಲ ಯಾಕೆ? ದಿನಾ ಮಜ್ಜಿಗೆ ಅನ್ನ ತಿಂದರೆ ಸಾಲದಾ?” ಅಮ್ಮಾ, ಮಜ್ಜಿಗೆ ತಿನ್ನಿ, ನಾನೂ ತಿನ್ನುತ್ತೇನೆ. ಆದರೆ ಮೊಸರಿನಲ್ಲಿರುವುದು ಕೆಲವೇ ಜಾತಿಯ ಬ್ಯಾಕ್ಟೀರಿಯಾ. ಅವು ಹಾಲಿನಲ್ಲಿ ಬದುಕುವಂಥವು, ದೊಡ್ಡಕರುಳಿನಲ್ಲಿ ಮನೆ ಮಾಡುವುದಿಲ್ಲ. ಬ್ರಿಟನ್ನಿನಲ್ಲಿ ಆಂಟಿಬಯಾಟಿಕ್ ಮೇಲಿದ್ದ ಸುಮಾರು 3,000 ವಯಸ್ಸಾದ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಪ್ರೊಬಯೊಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾಗಳ ಮದ್ದು, ಕೊಟ್ಟು ನೋಡಿದ ದೊಡ್ಡ ಪ್ರಯೋಗ 2013ರಲ್ಲಿ ಬಂತು. ಭೇದಿ ತಡೆಯುವುದರಲ್ಲಿ ಏನೂ ಲಾಭ ಕಾಣಲಿಲ್ಲ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಇನ್ನೂ ಮುಂದೆ ಹೋಗಿ, ಆಂಟಿಬಯಾಟಿಕ್ ನಂತರ ಪ್ರೊಬಯೊಟಿಕ್ ತೆಗೆದುಕೊಂಡವರ ಸ್ವಂತ ಬ್ಯಾಕ್ಟೀರಿಯಾ ವಾಪಸ್ ಬರುವುದು ತಡವಾಯಿತು ಅಂತ ತೋರಿಸಿದರು. ಮೊದಲೇ ತೆಗೆದಿಟ್ಟಿದ್ದ ಅವರದ್ದೇ ಮಲವನ್ನು ವಾಪಸ್ ಕೊಟ್ಟವರು ಮಾತ್ರ ಕೆಲವೇ ದಿನದಲ್ಲಿ ಮೊದಲಿನಂತಾದರು.

ಅದನ್ನು ಕೇಳಿ ಕಾಲೇಜು ಹುಡುಗನೊಬ್ಬ ಎದ್ದ: “ಸರ್, ಹಾಗಾದ್ರೆ ಚೆನ್ನಾಗಿರುವಾಗಲೇ ನಮ್ಮದನ್ನು ನಾವೇ ಇಟ್ಟುಕೊಂಡರೆ ದಾನಿಯ ತಾಪತ್ರಯವೇ ಇಲ್ಲ ಅಲ್ವಾ?” ಒಳ್ಳೆಯ ಪ್ರಶ್ನೆ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇದನ್ನೇ ಮಾಡಿ ನೋಡಿದ್ದಾರೆ. ಅಸ್ಥಿಮಜ್ಜೆಯ ಕಸಿಗೆ ಮೊದಲು ರೋಗಿಗಳ ಮಲ ತೆಗೆದು ಫ್ರೀಜ್ ಮಾಡಿ, ಆಂಟಿಬಯಾಟಿಕ್‌ಗಳ ದಾಳಿ ಮುಗಿದ ಮೇಲೆ ಅವರವರದ್ದೇ ವಾಪಸ್ ಕೊಟ್ಟರು. 2018ರಲ್ಲಿ ಪ್ರಕಟವಾದ ವರದಿಯಲ್ಲಿ 14 ಜನರಿಗೆ ಹಾಗೆ ಕೊಟ್ಟಿದ್ದರು. ಅವರ ಕರುಳಿನ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಮೊದಲಿನ ಸ್ಥಿತಿಗೆ ಬಂತು. ದೊಡ್ಡ ಚಿಕಿತ್ಸೆ ಕಾದಿದೆ ಅಂತ ಮೊದಲೇ ಗೊತ್ತಿರುವ ರೋಗಿಗಳಿಗೆ ಇದು ಸರಿಹೋಗಬಹುದು. ನಿಮ್ಮ ವಯಸ್ಸಿನ ಆರೋಗ್ಯವಂತರು ಎಂದೋ ಬರಬಹುದಾದ ಕಾಯಿಲೆಗಾಗಿ ಮೈನಸ್ 80 ಡಿಗ್ರಿಯ ಫ್ರೀಜರಿಗೆ ವರ್ಷಗಟ್ಟಲೆ ಬಾಡಿಗೆ ಕಟ್ಟುವುದು ನನಗಂತೂ ದುಡ್ಡು ದಂಡ ಅನ್ನಿಸುತ್ತದೆ. ಮನೆಯ ಫ್ರಿಜ್ಜಿನ ಐಸ್ ಟ್ರೇ ಪಕ್ಕ ಇಡಬಹುದಾ ಅಂತ ಅವನ ಗೆಳೆಯ ಕೇಳಿದ. ಅದು ಸಾಮಾನ್ಯವಾಗಿ ಮೈನಸ್ 18ರ ಆಸುಪಾಸು. ಸಾಲದು. ಮನೆಯಲ್ಲಿ ಅಮ್ಮ ಒಪ್ಪುವುದೂ ಇಲ್ಲ.